ತಲೆಕಟ್ಟಿನ ಬಲತುದಿ

ಜೂನ್ 2, ಸೋಮವಾರ. ಬೆಳಿಗ್ಗೆ 6

ನಾನು ಈ ಮನೆಯ ಯಜಮಾನಿ. ವಯಸ್ಸು ಎಪ್ಪತ್ತೊಂದು. ಹೈಸ್ಕೂಲು ಪಾಸು, ಗಣಿತದಲ್ಲಿ ಇಡೀ ಶಾಲೆಗೆ ಎರಡನೆಯವಳು. ಊರಿನ ಅರ್ಧ ಬೀದಿಗಳ ಬೋರ್ಡು ಬರೆದ ಅಂಗಡಿ ನಮ್ಮದು. ಯಜಮಾನರು ಹೋಗಿ ಹದಿನೈದು ವರ್ಷ. ಅಂಗಡಿಯ ಬೀಗದ ಕೈ ಇನ್ನೂ ನನ್ನ ಸೊಂಟದಲ್ಲೇ. ಮಗನಿಗೆ ನಲವತ್ತೇಳು. ಬೆಳಿಗ್ಗೆ ಬಂದು ಕೈ ಚಾಚುತ್ತಾನೆ, ಕೊಡುತ್ತೇನೆ. ಸಂಜೆ ತಂದು ಒಪ್ಪಿಸುತ್ತಾನೆ. ಇದು ಹೀಗೇ ನಡೆಯಬೇಕು.

ಇಷ್ಟು ಬರೆದದ್ದು ಮೊಮ್ಮಗಳು ಕೇಳಿದ್ದಕ್ಕೆ. "ಅಜ್ಜಿ, ನಿನ್ನ ಬಗ್ಗೆ ನಾಲ್ಕು ಸಾಲು ಬರ್ಕೊಡು, ಪುಸ್ತಕಕ್ಕೆ ಹಾಕ್ತೀನಿ" ಅಂದಳು. ಬರೆದೆ. ಓದಿದೆ. ಕೊಡಬೇಕೆನಿಸಲಿಲ್ಲ. ಇಲ್ಲೇ ಇರಲಿ.

ಅವಳು ಮಾಡುತ್ತಿರುವುದು ಇದು: ತಾತ ಬೋರ್ಡುಗಳಿಗೆ ಬರೆದ ಅಕ್ಷರಗಳನ್ನು ಕಂಪ್ಯೂಟರಿಗೆ ಇಳಿಸುವುದು. ಫಾಂಟ್ ಅಂತೆ. ಯಾವ ದೇಶದಲ್ಲಿ ಕೂತು ಯಾರು ಕೀ ಒತ್ತಿದರೂ ನಮ್ಮ ಮನೆಯ ಅಕ್ಷರ ಮೂಡುತ್ತದೆ. ಒಂದು ಕಂಪನಿಯವರು ಒಪ್ಪಿದ್ದಾರೆ. ಜುಲೈ ಆರಕ್ಕೆ ಸಭಾಂಗಣದಲ್ಲಿ ಬಿಡುಗಡೆ. ಜೊತೆಗೊಂದು ಪುಸ್ತಕ. ಅದರಲ್ಲಿ ಅಕ್ಷರಗಳ ಮಾದರಿ, ತಾತನ ಫೋಟೊ, ಈ ಆಕಾರಗಳಿಗೆ ಸ್ಫೂರ್ತಿ ಎಲ್ಲಿಂದ ಬಂತು ಅನ್ನುವ ಒಂದು ಪುಟ. ಅಕ್ಷರಕ್ಕೆ ಯಜಮಾನರ ಹೆಸರನ್ನೇ ಇಡುತ್ತಾರೆ.

ಮಧ್ಯಾಹ್ನ ಅಟ್ಟದಿಂದ ಚುಚ್ಚುಹಾಳೆಗಳ ಸುರುಳಿ ಇಳಿಸಬೇಕು. ಸೊಸೆಗೆ ಧೂಳು ಆಗುವುದಿಲ್ಲ. ನಾನೇ ಹತ್ತಬೇಕು.

ಜೂನ್ 5, ಗುರುವಾರ

ಚುಚ್ಚುಹಾಳೆ ಅಂದರೆ ಏನು ಅಂತ ಕಂಪನಿಯವನಿಗೆ ವಿವರಿಸಿದೆ. ಮೊದಲು ದಪ್ಪ ಕಾಗದದ ಮೇಲೆ ಅಕ್ಷರವನ್ನು ಪೂರ್ತಿ ಅಳತೆಯಲ್ಲಿ ಬರೆಯುವುದು. ಅಂಚಿನುದ್ದಕ್ಕೂ ಸೂಜಿಯಿಂದ ತೂತು ಚುಚ್ಚುವುದು. ಕಾಗದವನ್ನು ಬೋರ್ಡಿಗೆ ಅಂಟಿಸಿ, ಸುಣ್ಣದ ಪುಡಿ ಕಟ್ಟಿದ ಬಟ್ಟೆಗಂಟಿನಿಂದ ತಟ್ಟುವುದು. ಕಾಗದ ತೆಗೆದರೆ ಬೋರ್ಡಿನ ಮೇಲೆ ಚುಕ್ಕಿಗಳ ಅಕ್ಷರ. ಆಮೇಲೆ ಬಣ್ಣ ತುಂಬುವುದು. ಒಂದು ಹಾಳೆ ನೂರು ಬೋರ್ಡಿಗೆ ಬರುತ್ತದೆ. ಅವನು ಫೋನಿನಲ್ಲಿ ಎಲ್ಲ ರೆಕಾರ್ಡ್ ಮಾಡಿಕೊಂಡ. "ಅದ್ಭುತ ಮೇಡಂ" ಅಂದ. ಮೇಡಂ ಅನ್ನಬೇಡ, ಅಮ್ಮ ಅನ್ನು ಅಂದೆ.

ಮೊಮ್ಮಗಳು ಹಾಳೆಗಳನ್ನು ನಡುಮನೆಯ ತುಂಬ ಹರಡಿದ್ದಾಳೆ. ಕಾಲಿಡಲು ಜಾಗವಿಲ್ಲ. ಕೂತು ನೋಡಿ ನೋಡಿ ನಕ್ಕಳು.

"ಅಜ್ಜಿ, ಈ ಅಕ್ಷರಗಳು ನಮ್ಮನ್ನ ಬೈತಿರೋ ಹಾಗಿವೆ, ಅಲ್ವಾ?"

"ಅಕ್ಷರ ಯಾಕೆ ಬೈತದೆ?"

"ತಲೆಕಟ್ಟು ನೋಡು. ಎಲ್ಲದರದ್ದೂ ಬಲತುದಿ ಮೇಲಕ್ಕೆ ಎದ್ದಿದೆ. 'ಏನು, ಇಷ್ಟೊತ್ತಿಗೆ ಬಂದ್ಯಾ?' ಅಂತ ಕೇಳೋ ಹಾಗೆ."

ಬೋರ್ಡಿಗೆ ಅದೇ ಚಂದವಂತೆ, ಬೀದಿಯ ಆ ತುದಿಯಿಂದ ಎದ್ದು ಕಾಣುತ್ತದೆ. ಆದರೆ ಪುಸ್ತಕದೊಳಗೆ ಸಣ್ಣದಾಗಿ ಸಾಲು ಕಟ್ಟಿದರೆ ತುದಿಗೆ ತುದಿ ತಾಗಿ "ಪೇಜ್ ಪೂರ್ತಿ ಜಗಳ" ಅಂದಳು. ಅದಕ್ಕೇ ಎರಡು ಮಾಡುತ್ತಾಳೆ. ದೊಡ್ಡದಕ್ಕೊಂದು, ಓದಲಿಕ್ಕೊಂದು. ಓದುವುದರಲ್ಲಿ ಬಲತುದಿಯನ್ನು ಸ್ವಲ್ಪ ತಗ್ಗಿಸುತ್ತಾಳೆ.

"ತಾತಂಗೆ ಈ ಆಕಾರ ಎಲ್ಲಿಂದ ಹೊಳೀತು?"

"ಹೊಳೆ ದಡದಲ್ಲಿ ಕೂತಿರ್ತಿದ್ರು. ನೀರಿನ ತಿರುವು ನೋಡಿ ಬರೆದ್ರು" ಅಂದೆ. ಬಾಯಿಗೆ ಬಂದದ್ದು ಅಂದೆ. ಅವಳು ಬರೆದುಕೊಂಡಳು.

ಜೂನ್ 6, ಶುಕ್ರವಾರ. ಸಂಜೆ

ಬೆಳಿಗ್ಗೆ ಮೊಮ್ಮಗಳು ಕಂಪ್ಯೂಟರಿನ ಮುಂದೆ ಕರೆದು ಕೂರಿಸಿದಳು. ಒಂದು ಅಕ್ಷರವನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದಳು.

"ಚಪ್ಪಟೆ ಬ್ರಷ್‌ನ ಬಲಗೈಲಿ ಹಿಡಿದ್ರೆ ದಪ್ಪ ಈ ಕಡೆ ಬೀಳ್ಬೇಕು. ಇಲ್ಲಿ ಆ ಕಡೆ ಬಿದ್ದಿದೆ. ಒಂದರಲ್ಲಲ್ಲ, ಎಲ್ಲದರಲ್ಲೂ. ಅಜ್ಜಿ, ತಾತ ಎಡಗೈನೋರಾ?"

ಹೂಂ ಅಂದೆ.

ಯಾಕೆ ಅಂದೆ? ಇಲ್ಲ ಅಂದರೆ ಮುಂದಿನ ಪ್ರಶ್ನೆ 'ಮತ್ತೆ ಯಾರು' ಅಂತ ತಾನೆ.

"ಸೂಪರ್" ಅಂದಳು. "ಇದೇ ಕಥೆ. ಎಡಗೈ ಮೇಷ್ಟ್ರು."

ಎಡಗೈ ಅವರದ್ದಲ್ಲ. ನನ್ನ ನಾದಿನಿಯದು. ಅವರ ತಂಗಿ. ನಾನು ಮದುವೆಯಾಗಿ ಬಂದಾಗ ಅವಳಿಗೆ ಹನ್ನೆರಡು, ಅಪ್ಪ ಅಮ್ಮ ಇಲ್ಲದ ಹುಡುಗಿ. ಎಡಗೈಯಲ್ಲಿ ಬರೆಯುತ್ತಿದ್ದಳು, ಎಡಗೈಯಲ್ಲಿ ಬಾಚುತ್ತಿದ್ದಳು. ತಿದ್ದುವುದು ನನ್ನ ಕರ್ತವ್ಯ ಅಂದುಕೊಂಡೆ. ನನ್ನ ಸೆರಗಿನ ತುದಿಯಿಂದ ಆ ಕೈಯನ್ನು ಕುರ್ಚಿಗೆ ಕಟ್ಟಿ ಬಲಗೈಯಲ್ಲಿ ಮಗ್ಗಿ ಬರೆಸಿದೆ. ಎಡಚಿ ಅಂತ ಹೆಸರಿಟ್ಟವಳೂ ನಾನೇ. ಮೇಜಿನ ಮುಂದೆ ಬಲಗೈ ಕಲಿತಳು. ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಬ್ರಷ್ ಹಿಡಿದಳು.

ಅಷ್ಟೂ ಹಾಳೆ ಅವಳದ್ದು. ಬೋರ್ಡಿಗೆ ಬಣ್ಣ ತುಂಬಿದವರು ಯಜಮಾನರು.

ಜೂನ್ 14, ಶನಿವಾರ

ಏಣಿ ಮಾಮ ಬಂದಿದ್ದ. ಯಜಮಾನರ ಕಾಲದಲ್ಲಿ ಏಣಿ ಹಿಡಿಯುತ್ತಿದ್ದವನು, ಆಮೇಲೆ ತಾನೇ ಪೇಂಟರ್ ಆದವನು. ಈಗ ಎಪ್ಪತ್ತೆಂಟು. ಶನಿವಾರ ಬಂದು ಚಹಾ ಕುಡಿದು ಊರಿನ ಸುದ್ದಿ ಇಳಿಸಿ ಹೋಗುತ್ತಾನೆ.

ಮೊಮ್ಮಗಳು ಅವನ ಮುಂದೆಯೇ ಎಡಗೈ ಕಥೆ ತೆಗೆದಳು. ಅವನು ಲೋಟ ಕೆಳಗಿಟ್ಟ.

"ಯಾರು, ಯಜಮಾನ್ರಾ? ಅವ್ರು ಎಡಗೈಲಿ ಸೊಳ್ಳೇನೂ ಹೊಡೆದೋರಲ್ಲ ಕಣಮ್ಮ."

ನಾನು ಅವನನ್ನು ನೋಡಿದೆ. ಅಷ್ಟೆ.

"ವಯಸ್ಸಾಯ್ತು" ಅಂದ, ತಲೆ ಕೆರೆದುಕೊಂಡು. "ಯಾವ ಕೈ ಯಾವ್ದು ಅಂತ ನಂಗೇ ಮರ್ತೋಗಿದೆ. ನಿನ್ನೆ ಚಪ್ಪಲಿ ಅದಲು ಬದಲು ಹಾಕ್ಕೊಂಡು ಪೇಟೆಗೆ ಹೋಗಿದ್ದೆ."

ಮೊಮ್ಮಗಳು ನಕ್ಕಳು. ಹೋಗುವಾಗ ಅವನು ಗೇಟಿನ ಹತ್ತಿರ ನಿಂತು ಮೆಲ್ಲಗೆ ಅಂದ: "ಅಮ್ಮಾವ್ರೆ, ಬಾಯಿಗೆ ಬೀಗ ಹಾಕ್ಬೋದು. ಗೋಡೆಗೆ ಬರೆದಿದ್ದಕ್ಕೆ?"

ನಾನು ಗೇಟು ಹಾಕಿಕೊಂಡೆ.

ಜೂನ್ 25, ಬುಧವಾರ. ಮಧ್ಯಾಹ್ನ 3

ಹತ್ತು ದಿನ ಬರೆಯಲಿಲ್ಲ. ಬರೆಯಲು ಏನಿತ್ತು... ಬರೆದರೆ ಒಂದೇ ಬರೆಯಬೇಕಿತ್ತು.

ಇವತ್ತು ಪುಸ್ತಕದ ಪ್ರೂಫ್ ಬಂತು. ಸೊಸೆ ಕೈ ಒರೆಸಿಕೊಂಡು ಬಂದು ಮೊದಲ ಪುಟ ತಿರುಗಿಸಿದಳು. ಯಜಮಾನರ ಫೋಟೊ. ಮೂವತ್ತೆಂಟನೆಯ ವಯಸ್ಸಿನದು, ಕೈಯಲ್ಲಿ ಬ್ರಷ್.

ನೋಡಿದೆ. ನಮ್ಮವರೇ. ನಮ್ಮವರಲ್ಲ. ಎಲ್ಲೋ ಏನೋ ಎಡವಟ್ಟು. ಕನ್ನಡಕ ಒರೆಸಿ ಮತ್ತೆ ನೋಡಿದೆ. ಬೈತಲೆ ಬಲಕ್ಕೆ ಹೋಗಿದೆ. ಷರಟಿನ ಜೇಬು ಬಲಗಡೆ. ಆ ಷರಟು ಹೊಲಿದವಳು ನಾನು, ಎದೆಯ ಎಡಕ್ಕೆ ಜೇಬು ಇಟ್ಟವಳು ನಾನು. ಕೆನ್ನೆಯ ಮಚ್ಚೆ ಆ ಕಡೆಯಿಂದ ಈ ಕಡೆಗೆ ಬಂದಿದೆ. ಬ್ರಷ್ ಎಡಗೈಯಲ್ಲಿದೆ.

"ಇದೇನಿದು?"

ಮೊಮ್ಮಗಳು ಖುಷಿಯಾಗಿಯೇ ಹೇಳಿದಳು: "ಗೊತ್ತಾಯ್ತಾ ಅಜ್ಜಿ? ಹಳೇ ಫೋಟೊದಲ್ಲಿ ಬ್ರಷ್ ಬಲಗೈಲಿ ಇತ್ತು. ಸ್ಟುಡಿಯೋದವ್ರು ನೆಗೆಟಿವ್‌ನ ಉಲ್ಟಾ ಪ್ರಿಂಟ್ ಮಾಡ್ಬಿಟ್ಟಿದ್ರು ಅನ್ಸತ್ತೆ. ನೀನೇ ಹೇಳಿದ್ಯಲ್ಲ ತಾತ ಎಡಗೈ ಅಂತ. ನಾನು ಸರಿ ಮಾಡ್ದೆ."

ಸರಿ ಮಾಡಿದಳಂತೆ. ಮಗುವಿನ ತಪ್ಪಿಲ್ಲ. ಅಜ್ಜಿಯ ಮಾತು ನಂಬಿ ಫೋಟೊವನ್ನು ಸುಳ್ಳು ಅಂದಳು.

ಮೂವತ್ತಾರು ವರ್ಷ ಜೊತೆಗೆ ಬಾಳಿದ ಮುಖ. ಅದು ನನ್ನನ್ನು ಗುರುತಿಸದವರ ಹಾಗೆ ನೋಡುತ್ತಿತ್ತು.

ಜೂನ್ 26, ಗುರುವಾರ

ಮಗನನ್ನು ಕರೆದೆ. ಫೋಟೊ ತೋರಿಸಿದೆ. ಅವನು ನೋಡಲೇ ಇಲ್ಲ.

"ನೋಡಿದೀನಮ್ಮ. ಯಾರು ಗಮನಿಸ್ತಾರೆ ಬಿಡು."

"ನಿಮ್ಮಪ್ಪನ ಮಚ್ಚೆ ಯಾವ ಕೆನ್ನೇಲಿತ್ತು ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು. ಅತ್ತೆ ಹಿಂದಿನ ಕೋಣೇಲಿ ಕೂತು ಬರೀತಿದ್ದಿದ್ದೂ ಗೊತ್ತು. ಆಗ ನಂಗೆ ಒಂಬತ್ತು ವರ್ಷ, ತೊಟ್ಟಿಲಲ್ಲಿ ಇರ್ಲಿಲ್ಲ. ಸೂಜಿ ಚುಚ್ಚೋಕೆ ನನ್ನನ್ನೂ ಕೂರಿಸ್ಕೊಳ್ತಿದ್ರು."

ಇಷ್ಟು ವರ್ಷ ಒಂದು ಮಾತು ಆಡಿರಲಿಲ್ಲ. ನಾನು ಕೇಳಿರಲೂ ಇಲ್ಲ.

"ಮತ್ತೆ ಮಗಳಿಗೆ ಹೇಳ್ಬಾರ್ದಿತ್ತಾ?"

"ನೀನು ಹೂಂ ಅಂದ್ಮೇಲೆ ಈ ಮನೇಲಿ ಊಹೂಂ ಅಂದೋರು ಯಾರಿದಾರಮ್ಮ?"

ಹೌದು. ಒಬ್ಬಳು ಅಂದಿದ್ದಳು. ಅದನ್ನೂ ಬರೆದುಬಿಡುತ್ತೇನೆ.

ಮೂವತ್ತೆಂಟು ವರ್ಷದ ಹಿಂದೆ ನಮ್ಮ ಅಂಗಡಿಗೇ ಹೊಸ ಬೋರ್ಡು ಮಾಡಿದೆವು. ಎಂಟಡಿ ಉದ್ದ, ನೀಲಿ ನೆಲ, ಕೆಂಪಂಚಿನ ಬಿಳಿ ಅಕ್ಷರ. ಯಜಮಾನರ ಹೆಸರು ದೊಡ್ಡದಾಗಿ. ಬೆಳಿಗ್ಗೆ ನೋಡಿದರೆ ಕೆಳಗೆ ಬಲಮೂಲೆಯಲ್ಲಿ ಬೆರಳುದ್ದದ ಜಾಗದಲ್ಲಿ ನಾದಿನಿ ತನ್ನ ಹೆಸರು ಬರೆದಿದ್ದಳು. ನಾಲ್ಕೇ ಅಕ್ಷರ.

ಅಳಿಸು ಅಂದೆ. ಊಹೂಂ ಅಂದಳು. "ನಾನು ಬರೆದಿದ್ದು, ಅತ್ತಿಗೆ. ನಾನೇ ಅಂತ ಎಲ್ಲಾದ್ರೂ ಒಂದು ಕಡೆ ಇರ್ಲಿ."

"ಈ ಮನೇಲಿ ಬೋರ್ಡಿನ ಮೇಲೆ ಒಂದೇ ಹೆಸರು" ಅಂದೆ. ನಾನೇ ಬ್ರಷ್ ತೆಗೆದುಕೊಂಡು ಮೂಲೆಗೆ ನೀಲಿ ಬಳಿದೆ. ನೀಲಿ ಕಲಸಿ ಕೊಟ್ಟದ್ದು ಯಜಮಾನರು. ತಲೆ ತಗ್ಗಿಸಿಕೊಂಡು ಕಲಸಿದರು.

ಮಾರನೆಯ ದಿನ ಅವಳು ಒಂದು ಚೀಲ ಹಿಡಿದು ಬಸ್ಸು ಹತ್ತಿದಳು. ತಡೆಯಲಿಲ್ಲ. ಆಮೇಲೆ ಈ ಮನೆಯಲ್ಲಿ ಹೊಸ ಚುಚ್ಚುಹಾಳೆ ಒಂದೂ ಹುಟ್ಟಲಿಲ್ಲ. ಯಜಮಾನರು ಹಳೆಯವನ್ನೇ ತಟ್ಟಿ ತಟ್ಟಿ ಇಪ್ಪತ್ತು ವರ್ಷ ದೂಡಿದರು. ಅಣ್ಣ ಸತ್ತಾಗ ಬಂದಿದ್ದಳು. ಗೇಟಿನಾಚೆ ನಿಂತು ನೋಡಿ ಹೋದಳು. ನಾನು ಒಳಗೆ ಬಾ ಅನ್ನಲಿಲ್ಲ.

ಜೂನ್ 29, ಭಾನುವಾರ. ಸಂಜೆ 6.30

ನಾದಿನಿಯ ಊರಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಮೂರು ಗಂಟೆ ಹೋಗಲು, ಮೂರು ಗಂಟೆ ಬರಲು. ಮನೆಯಲ್ಲಿ ಕಣ್ಣಿನ ಡಾಕ್ಟರು ಅಂದಿದ್ದೆ.

ಹೊಲಿಗೆ ಶಾಲೆಯ ಮೇಲಿನ ಎರಡು ಕೋಣೆ. ಕಸೂತಿಗೆ ನಕ್ಷೆ ತೆಗೆದುಕೊಡುತ್ತಾಳೆ. ಅಲ್ಲೂ ಅದೇ ಕೆಲಸ: ಹಾಳೆ, ಸೂಜಿ, ಪುಡಿಯ ಗಂಟು. ಎಡಗೈಯಲ್ಲಿ. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಾಗಿಲು ತೆರೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀಲಿ ಡಬ್ಬ ತಂದಿದೀರಾ ಅತ್ತಿಗೆ?"

ಅದಕ್ಕೆ ಅರ್ಹಳೇ ನಾನು. ಕೂತೆ. ನೀರು ಕೊಟ್ಟಳು. ಪ್ರೂಫ್ ತೆಗೆದು ಅವಳ ಮುಂದಿಟ್ಟೆ.

ಒಂದೊಂದೇ ಪುಟ ತಿರುಗಿಸಿದಳು. ಅಕ್ಷರಗಳ ಮೇಲೆ ಬೆರಳು ಆಡಿಸಿದಳು. ಫೋಟೊ ಬಂದಾಗ ನಿಂತಳು. ಜೋರಾಗಿ ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು.

"ನಂಗೆ ಬಲಗೈ ಕಲಿಸೋಕೆ ಆರು ವರ್ಷ ಒದ್ದಾಡಿದ್ರಿ. ಅಣ್ಣಂಗೆ ಸತ್ತ ಮೇಲೆ ಎಡಗೈ ಕಲಿಸಿಬಿಟ್ರಲ್ಲ."

"ಹೊಳೆ ನೋಡಿ ಬರೆದಿದ್ದು ಅಂತ ಹೇಳಿದೀನಿ" ಅಂದೆ. ಎಲ್ಲ ಹೇಳಿಬಿಡಬೇಕಿತ್ತು.

"ಯಾವ ಹೊಳೆ? ನೀವು ನನ್ನನ್ನ ಬೀದಿಗೆ ಬಿಟ್ಟಿದ್ರೆ ತಾನೆ ಹೊಳೆ ನೋಡೋಕೆ? ನಾನು ನೋಡ್ತಿದ್ದಿದ್ದು ಒಂದೇ. ಕೋಣೆ ಬಾಗಿಲು. ಬಾಗಿಲಲ್ಲಿ ನೀವು."

ಅರ್ಥವಾಗಲಿಲ್ಲ.

"ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಿದ್ರಿ. ಬಾಯಲ್ಲಿ ಬೈತಿರ್ಲಿಲ್ಲ. ಹುಬ್ಬು ಎತ್ತುತ್ತಿದ್ರಿ. ಒಂದೇ ಹುಬ್ಬು, ನನಗೆ ಕಾಣೋ ಬಲಗಡೇದು." ಪೆನ್ಸಿಲು ತೆಗೆದುಕೊಂಡು ನಕ್ಷೆಯ ಅಂಚಿನಲ್ಲಿ ಒಂದೇ ಗೆರೆ ಎಳೆದಳು. ಚಪ್ಪಟೆಯಾಗಿ ಹೊರಟು ಬಲತುದಿಯಲ್ಲಿ ಮೇಲೆದ್ದಿತು. "ಇಡೀ ಊರಿನ ತಲೆ ಮೇಲೆ ನಿಮ್ಮ ಹುಬ್ಬೇ ಕೂತಿದೆ ಅತ್ತಿಗೆ. ದವಾಖಾನೆ ಮೇಲೆ, ಚಪ್ಪಲಿ ಅಂಗಡಿ ಮೇಲೆ. ಸೇಡು ತೀರಿಸ್ಕೊಂಡಿದ್ದು ಅಂತ ಮೊದ್ಲು ಅಂದ್ಕೊಂಡಿದ್ದೆ. ಆಮೇಲೆ ಅದೇ ಚಂದ ಕಂಡ್ತು. ಏನ್ ಮಾಡ್ಲಿ."

ಗೋಡೆಯಲ್ಲಿ ಅಂಗೈಯಗಲದ ಕನ್ನಡಿ ಇತ್ತು. ಅದರ ಕಡೆ ನೋಡಲಿಲ್ಲ.

ಪುಸ್ತಕದಲ್ಲಿ ನಿನ್ನ ಹೆಸರು ಹಾಕಿಸುತ್ತೇನೆ ಅಂದೆ.

"ಅಣ್ಣಂಗೆ ಅವಮಾನ ಆಗತ್ತೆ. ಮೂವತ್ತು ಅಡಿ ಮೇಲೆ ನಿಂತು ಬಣ್ಣ ತುಂಬಿದ್ದು ಸುಳ್ಳಾ? ನಂಗೆ ಏಣಿ ನೋಡಿದ್ರೇ ತಲೆ ಸುತ್ತತ್ತೆ. ಬಿಡಿ. ಅರವತ್ಮೂರಕ್ಕೆ ಹೆಸರು ತಗೊಂಡು ಏನ್ ಮಾಡ್ಲಿ?"

"ಕಾರ್ಯಕ್ರಮಕ್ಕೆ ಬಾ."

"ಬರ್ತೀನಿ ಅಂತ ಹೇಳಲ್ಲ." ಬಸ್ ಸ್ಟಾಂಡಿನವರೆಗೆ ಬಂದಳು. ನನ್ನ ಚೀಲ ಹಿಡಿದುಕೊಂಡಿದ್ದಳು, ಎಡಗೈಯಲ್ಲಿ. ಬಸ್ಸು ಹೊರಡುವಾಗ ಕಿಟಕಿಯ ಕೆಳಗೆ ನಿಂತು ಅಂದಳು: "ಬೇಡ ಅಂದೆ ಅಂತ ನೀವು ಯಾವತ್ತು ಕೇಳಿದೋರು."

ಜುಲೈ 1, ಮಂಗಳವಾರ

ಮೊಮ್ಮಗಳಿಗೆ ಹೇಳಿದೆ. ಸೆರಗಿನ ಗಂಟಿನಿಂದ ನೀಲಿ ಬಣ್ಣದವರೆಗೆ. ನಿಂತುಕೊಂಡೇ ಹೇಳಿದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಅದೇ ಕಷ್ಟವಾಯಿತು. ಇಷ್ಟೇ ಕೇಳಿದಳು: "ನಾನು ಕೇಳ್ದಾಗ ಯಾಕಜ್ಜಿ ಹೂಂ ಅಂದೆ? ನಾನು ತಾತನ್ನೇ ಉಲ್ಟಾ ಮಾಡ್ಬಿಟ್ನಲ್ಲ."

ಆಗ ಕುರ್ಚಿ ಎಳೆದುಕೊಂಡು ಕೂತೆ.

ಆಮೇಲೆ ಹುಬ್ಬಿನ ವಿಷಯ ಹೇಳಿದೆ. ನನ್ನ ಮುಖವನ್ನೇ ದಿಟ್ಟಿಸಿದಳು. ಕಂಪ್ಯೂಟರ್ ನೋಡಿದಳು. ಮತ್ತೆ ನನ್ನನ್ನು.

"ಅಯ್ಯೋ. ಹೌದು ಕಣಜ್ಜಿ. ಈಗ್ಲೂ ಎತ್ತಿದೀಯ."

ಜುಲೈ 4, ಶುಕ್ರವಾರ. ಬೆಳಿಗ್ಗೆ 11

ಮಗ ಕೂಗಾಡಿದ. ನನ್ನ ಮುಂದೆ ದನಿ ಎತ್ತಿದ್ದು ಇದೇ ಮೊದಲು. ಆಹ್ವಾನ ಪತ್ರ ಹಂಚಿಯಾಗಿದೆ. ಅಪ್ಪನ ಹೆಸರಿನ ಬ್ಯಾನರು ಅಚ್ಚಾಗಿದೆ. ಪುಸ್ತಕ ಇವತ್ತು ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ. ಈಗ ಹೀಗೆಂದರೆ ಕಂಪನಿಯವರು ಕೈ ಬಿಟ್ಟರೆ ಮಗಳ ಎರಡು ವರ್ಷದ ದುಡಿಮೆ ನೀರುಪಾಲು. "ಅಪ್ಪನ್ನ ಊರ ಮುಂದೆ ಕಳ್ಳ ಅನ್ನಿಸ್ತೀಯಾ?"

"ಕಳ್ಳಿ ನಾನು. ಅವರು ಬಣ್ಣ ಕಲಸಿಕೊಟ್ರು."

ಸೊಸೆ ಮಧ್ಯೆ ಬಂದಳು. ಇಪ್ಪತ್ತಾರು ವರ್ಷದಲ್ಲಿ ನನ್ನ ಎದುರು ನಾಲ್ಕು ಮಾತು ಜೋಡಿಸಿದವಳಲ್ಲ. "ಅತ್ತೆ ಹೇಳಿದ ಹಾಗೆ ಮಾಡಿ" ಅಂದಳು ಗಂಡನಿಗೆ. "ಈ ಸಲ ಸರಿಯಾಗಿ ಹೇಳ್ತಿದಾರೆ."

ಈ ಸಲ! ಇರಲಿ.

ಕಂಪನಿಯವನಿಗೆ ಫೋನು ಹಚ್ಚಿಸಿ ನಾನೇ ಮಾತಾಡಿದೆ. ಯೋಚಿಸಿ ಹೇಳುತ್ತೇನೆ, ಅಕ್ಷರದ ಹೆಸರು ಬದಲಾದರೆ ಮೇಲಿನವರನ್ನು ಕೇಳಬೇಕು ಅಂದ. ಕೇಳು, ಆದರೆ ಪುಟವಂತೂ ಬದಲಾಗಿಯೇ ಆಗುತ್ತದೆ ಅಂದೆ. ಆ ಫೋಟೊ ನನ್ನ ಗಂಡನದ್ದು, ನಿಮ್ಮದಲ್ಲ, ನಾನು ಬೇಡ ಅಂದ ಮೇಲೆ ಉಲ್ಟಾ ಹಾಕುವ ಹಾಗಿಲ್ಲ ಅಂದೆ.

ಜುಲೈ 5, ಶನಿವಾರ

ಸ್ಫೂರ್ತಿಯ ಪುಟವನ್ನು ನಿನ್ನೆ ನಾನೇ ಬರೆದೆ. ಮೊಮ್ಮಗಳು ಒಂದಕ್ಷರ ತಿದ್ದಲಿಲ್ಲ. ಮೊದಲ ಸಾಲಿನಲ್ಲಿ ನಾದಿನಿಯ ಪೂರ್ತಿ ಹೆಸರು. ಬರೆದವಳು ಅವಳು, ಗೋಡೆಗೆ ಏರಿಸಿದವರು ಅಣ್ಣ, ಅಳಿಸಿದವಳು ನಾನು. ಸ್ಫೂರ್ತಿ ಯಾವುದು ಅನ್ನುವುದು ಕೊನೆಯ ಸಾಲಿನಲ್ಲಿದೆ. ಕೆಳಗೆ ನನ್ನ ಸಹಿ.

ಫೋಟೊ ನೆಟ್ಟಗಾಯಿತು. ಜೇಬು ಎಡಕ್ಕೆ ಬಂತು. ಬ್ರಷ್ ಬಲಗೈಗೆ.

ಅಕ್ಷರಕ್ಕೆ ಹೊಸ ಹೆಸರು 'ಹುಬ್ಬು'. ಮೊಮ್ಮಗಳದ್ದೇ ಯೋಚನೆ. ದೊಡ್ಡದರಲ್ಲಿ ತುದಿ ಹಾಗೇ ಎದ್ದಿರುತ್ತದೆ. ಓದುವುದರಲ್ಲಿ ಮಾತ್ರ ತಗ್ಗಿದೆ. "ದಿನವಿಡೀ ಜೊತೆಗಿರೋಕೆ ಇಷ್ಟು ಸಾಕು ಅಜ್ಜಿ" ಅಂದಳು. ನನಗೇ ಹೇಳಿದಳೋ, ಅಕ್ಷರಕ್ಕೋ.

ಕಂಪನಿಯಿಂದ ಇನ್ನೂ ಉತ್ತರವಿಲ್ಲ. ಪುಟವಂತೂ ಅಚ್ಚಾಗಿದೆ. ಅಚ್ಚಿನ ಮನೆಯಲ್ಲಿ ಮೊದಲ ಪ್ರತಿ ಕೈಗೆ ಬರುವವರೆಗೆ ನಾನು ಕುರ್ಚಿ ಬಿಟ್ಟೇಳಲಿಲ್ಲ ಅಂತ ಮಗನಿಗೆ ಯಾರೋ ಚಾಡಿ ಹೇಳಿದ್ದಾರೆ.

ಸುಳ್ಳು. ಕುರ್ಚಿಯಲ್ಲಿ ಕೂರಲೇ ಇಲ್ಲ.

ಜುಲೈ 6, ಭಾನುವಾರ. ಬೆಳಿಗ್ಗೆ 7.10

ಅಂಗಡಿಯ ಹಳೆಯ ಬೋರ್ಡು ನಡುಮನೆಯ ಗೋಡೆಗೆ ಒರಗಿದೆ. ವೇದಿಕೆಯ ಮೇಲೆ ಇಡಬೇಕಂತೆ. ಎಂಟಕ್ಕೆ ಗಾಡಿ ಬರುತ್ತದೆ.

ಆರು ಗಂಟೆಗೇ ಏಣಿ ಮಾಮನನ್ನು ಕರೆಸಿದ್ದೆ. ಕೆರೆಯುವ ಚಾಕು, ಹಳೆ ಬಟ್ಟೆ, ಒಂದು ಸೀಸೆ ಟರ್ಪೆಂಟೈನ್ ತಂದಿದ್ದ. ತಾನೇ ಮಾಡುತ್ತೇನೆ ಅಂದ. ಕೊಡಲಿಲ್ಲ. ನೆಲದಲ್ಲಿ ಚಾಪೆ ಹಾಕಿ ಕೂತೆ.

"ಹುಷಾರು ಅಮ್ಮಾವ್ರೆ. ಕೆಳಗಿನ ಬಿಳೀನೂ ಎದ್ದು ಬಂದೀತು."

ಬರಲಿಲ್ಲ. ಉಪ್ಪುಕಾಗದದಿಂದ ಉಜ್ಜದೆ ಬಳಿದ ಬಣ್ಣ ಕಚ್ಚುವುದಿಲ್ಲ. ಪೇಂಟರನ ಮನೆಯವಳಾಗಿ ನನಗೆ ಅಷ್ಟೂ ಗೊತ್ತಿರಲಿಲ್ಲ. ಚಾಕು ತಾಗಿಸಿದ ಕೂಡಲೇ ನೀಲಿ ಸಿಪ್ಪೆ ಸಿಪ್ಪೆಯಾಗಿ ಸೆರಗಿಗೆ ಉದುರಿತು. ಯಜಮಾನರಿಗೆ ಗೊತ್ತಿತ್ತು. ಉಜ್ಜು ಅಂತ ಆ ದಿನ ನನಗೆ ಹೇಳಲಿಲ್ಲ. ಕಲಸಿ ಕೊಟ್ಟರು, ಅಷ್ಟೆ.

ಮಗ ಎದ್ದು ಬಂದ. ಬಾಗಿಲಲ್ಲಿ ನಿಂತು ನೋಡಿದ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಕೂತು ಬಟ್ಟೆ ಒದ್ದೆ ಮಾಡಿ ಕೊಟ್ಟ. ಅಂಗಡಿಯ ಬೀಗದ ಕೈ ಬಿಚ್ಚಿ ಅವನ ಪಕ್ಕ ನೆಲದಲ್ಲಿಟ್ಟೆ. ಕೂತರೆ ಚುಚ್ಚುತ್ತಿತ್ತು, ಅದಕ್ಕೇ.

ಮೂರು ಅಕ್ಷರ ಬಂದವು. ಬಿಳಿ ಮಾಸಿಲ್ಲ. ನಾಲ್ಕನೆಯದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದೂ ಬಂತು. ಈಗಷ್ಟೇ ಕೈ ಒರೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ, ಬೆರಳಿಗೆ ಇನ್ನೂ ನೀಲಿ ಅಂಟಿದೆ. ಅದರ ತಲೆಕಟ್ಟು ಉಳಿದ ಮೂರರ ಹಾಗಲ್ಲ, ಬಲತುದಿ ಎದ್ದಿಲ್ಲ. ತನ್ನ ಹೆಸರಿನ ಕೊನೆಯಲ್ಲಿ ಅವಳು ನನ್ನ ಹುಬ್ಬನ್ನು ಆಗಲೇ ಇಳಿಸಿಟ್ಟಿದ್ದಳು.